ಮಂಗನ ಕಾಯಿಲೆಯ ಹೊಸ ಲಸಿಕೆ: ಮೊದಲ ಸೂಜಿ ಯಾರಿಗೆ?

ಮಂಗನ ಕಾಯಿಲೆಗೆ ಹೊಸ ಲಸಿಕೆ ತಯಾರಾಗುತ್ತಿದೆ ಅಂತ ಪೇಪರಿನಲ್ಲಿ ಬಂದಾಗಿನಿಂದ ನಮ್ಮ ಕಡೆಯ ಜನ ನನ್ನನ್ನು ಎರಡೇ ಪ್ರಶ್ನೆ ಕೇಳುತ್ತಿದ್ದಾರೆ. ಹಾಕಿಸಿಕೊಂಡರೆ ಏನೂ ಆಗಲ್ವಾ? ಮೊದಲು ಯಾರಿಗೆ ಹಾಕ್ತೀರಿ? ಎರಡನೇ ಪ್ರಶ್ನೆಯನ್ನು ಕೆಲವರು ಆಸೆಯಿಂದ ಕೇಳುತ್ತಾರೆ, ಕೆಲವರು ಭಯದಿಂದ. ಮಾತು ಅದೇ, ದನಿ ಬೇರೆ.

ನಾನು ಸಾಗರ ತಾಲ್ಲೂಕಿನಲ್ಲಿ, ಕಾಡಿನ ಅಂಚಿನ ಒಂದು ಸಬ್‌ಸೆಂಟರಿನಲ್ಲಿ ಆರೋಗ್ಯ ಸಹಾಯಕಿ. ಊರಿನವರಿಗೆ ಸಿಸ್ಟರ್. ಮಕ್ಕಳ ಲಸಿಕೆ, ಬಸುರಿ ಬಾಣಂತಿಯರ ಆರೈಕೆ, ಚಳಿ ಶುರುವಾದರೆ ಮಂಗ ಎಲ್ಲಿ ಸತ್ತಿದೆ, ಯಾರಿಗೆ ಜ್ವರ ಬಂದಿದೆ ಅಂತ ಮನೆ ಮನೆ ಸರ್ವೆ. ಹೊಸ ಲಸಿಕೆ ಬಂದಾಗ ಅದನ್ನು ಜನರ ತೋಳಿಗೆ ಹಾಕುವವರು ನನ್ನಂಥವರೇ. ಹಾಗಾಗಿ ಈ ಎರಡು ಪ್ರಶ್ನೆಗಳನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ನನಗೆ ಗೊತ್ತಿರುವುದನ್ನು, ನಾನು ಕಂಡಿದ್ದನ್ನು ಇಲ್ಲಿ ಬರೆದಿಡುತ್ತೇನೆ.

ಮಲೆನಾಡಿನ ಹೊರಗಿನವರಿಗೆ ಸ್ವಲ್ಪ ಹಿನ್ನೆಲೆ ಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಹಿಂದೊಂದು ಸತ್ತು ಬಿದ್ದವು. ಅದೇ ಹೊತ್ತಿಗೆ ಸುತ್ತಲಿನ ಹಳ್ಳಿಗಳಲ್ಲಿ ವಿಪರೀತ ಜ್ವರ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ನೋಡಿದಾಗ ಅದು ಅಲ್ಲಿಯವರೆಗೆ ಯಾರಿಗೂ ಗೊತ್ತಿರದ ವೈರಸ್ ಎಂದು ತಿಳಿಯಿತು. ಹಾಗಾಗಿ ಪ್ರಪಂಚದ ವೈದ್ಯರೆಲ್ಲ ಇದನ್ನು ಕ್ಯಾಸನೂರು ಕಾಡಿನ ಕಾಯಿಲೆ, ಕೆಎಫ್‌ಡಿ ಅನ್ನುತ್ತಾರೆ. ನಮಗೆ ಮಂಗನ ಕಾಯಿಲೆ. ಇದನ್ನು ಹರಡುವುದು ಉಣುಗು, ಅಂದರೆ ಮೈಗೆ ಕಚ್ಚಿ ರಕ್ತ ಹೀರುವ ಉಣ್ಣೆ. ದರಗು (ಒಣಗಿ ಬಿದ್ದ ಎಲೆ) ಗುಡಿಸಲು ಸೊಪ್ಪಿನ ಬೆಟ್ಟಕ್ಕೆ ಹೋದವರು, ಸೌದೆಗೆ ಹೋದವರು, ದನ ಹೊಡೆದುಕೊಂಡು ಹೋದವರು, ಅರಣ್ಯ ಇಲಾಖೆಯ ವಾಚರ್‌ಗಳು, ಇಂಥವರಿಗೇ ಜಾಸ್ತಿ. ತಲೆ ಸಿಡಿದುಹೋಗುವಂಥ ನೋವು, ಇಳಿಯದ ಜ್ವರ, ಮೈಕೈ ಮುರಿದ ಹಾಗೆ, ಕೆಲವರಿಗೆ ಒಸಡಿನಲ್ಲಿ ರಕ್ತ. ನೂರು ಜನರಿಗೆ ಬಂದರೆ ಮೂರರಿಂದ ಐದು ಜನ ಉಳಿಯುವುದಿಲ್ಲ. ಇದನ್ನೇ ಗುಣ ಮಾಡುವ ಔಷಧಿ ಇಲ್ಲ. ಜ್ವರ ಇಳಿಸಬೇಕು, ನೀರಿನ ಅಂಶ ಕಾಪಾಡಬೇಕು, ರಕ್ತ ಹೋಗದಂತೆ ನೋಡಿಕೊಳ್ಳಬೇಕು, ಅಷ್ಟೇ. 2018-19ರಲ್ಲಿ ನಮ್ಮದೇ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಇದು ಎಷ್ಟು ಮನೆಗಳನ್ನು ಹಾಳು ಮಾಡಿತು ಅಂತ ಈ ಭಾಗದವರಿಗೆ ನಾನು ಹೇಳಬೇಕಾಗಿಲ್ಲ.

ಇದಕ್ಕೆ ಲಸಿಕೆ ಇರಲಿಲ್ಲವೇ? ಇತ್ತು. 1990ರಿಂದ ನಮ್ಮ ಜಿಲ್ಲೆಗಳಲ್ಲಿ ಹಾಕುತ್ತಿದ್ದೆವು. ಮಂಗ ಸತ್ತ ಅಥವಾ ಕಾಯಿಲೆ ಕಂಡ ಜಾಗದಿಂದ ಐದು ಕಿಲೋಮೀಟರ್ ಒಳಗಿನ ಊರುಗಳಿಗೆ. ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್, ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಆಮೇಲೆ ಐದು ವರ್ಷ ವರ್ಷಕ್ಕೊಂದು. ಲೆಕ್ಕ ಹಾಕಿ ನೋಡಿ, ಎಷ್ಟು ಸೂಜಿ ಅಂತ.

ಮತ್ತೆ ಆ ಸೂಜಿ! ಹಾಕಿಸಿಕೊಂಡವರಿಗೇ ಗೊತ್ತು. ಚರ್ಮದ ಕೆಳಗೆ ಮದ್ದು ಇಳಿಯುತ್ತಿದ್ದ ಹಾಗೆ ಉರಿ ಶುರು. ಮೆಣಸಿನಕಾಯಿ ಅರೆದು ಹಚ್ಚಿದ ಹಾಗೆ. ತೋಳು ಕೆಂಪಗಾಗಿ, ಗಂಟು ಕಟ್ಟಿ, ಎರಡು ದಿನ ಎತ್ತಲಿಕ್ಕಾಗದು. ಅಡಿಕೆ ಕೊಯ್ಲಿನ ಕಾಲದಲ್ಲಿ ಎರಡು ದಿನ ತೋಳು ಎತ್ತಲಾಗದಿದ್ದರೆ ಕೂಲಿಯವರ ಗತಿ ಏನು? ಅಡಿಕೆ ಸುಲಿಯುವ ಒಬ್ಬ ಹೆಂಗಸು ಮೊದಲನೇ ಡೋಸ್ ಆದ ಮೇಲೆ ಎರಡನೆಯದಕ್ಕೆ ಬರಲೇ ಇಲ್ಲ. ನಾನು ಮನೆಗೆ ಹೋದರೆ ಮೆಟ್ಟುಗತ್ತಿಯ ಮೇಲಿಂದ ಎದ್ದೇಳದೆ ಬಲಗೈ ಎತ್ತಿ ತೋರಿಸಿದಳು. "ಸಿಸ್ಟ್ರೇ, ಕಾಯಿಲೆ ಬಂದ್ರೂ ಬರಬಹುದು, ಬರದೇನೂ ಇರಬಹುದು. ಈ ಉರಿ ಮಾತ್ರ ಗ್ಯಾರಂಟಿ. ಎರಡು ದಿನದ ಕೂಲಿ ನೀವು ಕೊಡ್ತೀರಾ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳ ಲೆಕ್ಕ ಸರಿಯಾಗಿಯೇ ಇತ್ತು.

ಇಲ್ಲಿ ಇನ್ನೊಂದು ವಿಷಯ ಇದೆ. ಆ ಲಸಿಕೆಯ ಬಗ್ಗೆ 2005ರಿಂದ 2010ರವರೆಗಿನ ದಾಖಲೆಗಳನ್ನಿಟ್ಟುಕೊಂಡು ಒಂದು ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಎರಡು ಡೋಸ್ ತೆಗೆದುಕೊಂಡವರಿಗೆ ರಕ್ಷಣೆ 62.4%. ಬೂಸ್ಟರ್ ಕೂಡ ಆದವರಿಗೆ 82.9%. ಒಂದೇ ಡೋಸ್ ತೆಗೆದುಕೊಂಡು ಬಿಟ್ಟವರಿಗೆ ಹೇಳಿಕೊಳ್ಳುವಂಥ ಉಪಯೋಗ ಕಾಣಲಿಲ್ಲ. ಅಂದರೆ ಆ ಅಡಿಕೆ ಸುಲಿಯುವ ಹೆಂಗಸು ಉರಿಯನ್ನು ಪೂರ್ತಿ ತಿಂದಳು, ರಕ್ಷಣೆ ಸಿಗಲಿಲ್ಲ. ಇದನ್ನು ಅವಳಿಗೆ ಮೊದಲೇ ಹೇಳಬೇಕಿತ್ತು ತಾನೆ? ನಮಗೆ ಕೊಡುತ್ತಿದ್ದ ಕರಪತ್ರದಲ್ಲಿ "ಲಸಿಕೆ ಹಾಕಿಸಿಕೊಳ್ಳಿ, ಮಂಗನ ಕಾಯಿಲೆಯಿಂದ ಪಾರಾಗಿ" ಅಂತ ಇರುತ್ತಿತ್ತು. ಉರಿಯ ಬಗ್ಗೆ ಒಂದು ಸಾಲೂ ಇಲ್ಲ. ಒಂದೇ ಡೋಸ್ ಸಾಕಾಗಲ್ಲ ಅನ್ನುವುದೂ ಇಲ್ಲ.

2022ರಲ್ಲಿ ಆ ಲಸಿಕೆ ನಿಂತಿತು. ಅದರ ಶಕ್ತಿ ಸಾಲದು ಅನ್ನುವ ಕಾರಣಕ್ಕೆ. ನಿಲ್ಲಿಸಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಆದರೆ ನಮ್ಮೂರ ಜನರಿಗೆ ಅದು ಗೊತ್ತಾಗಿದ್ದು ಪೇಪರಿನಿಂದ, ಬಸ್ ಸ್ಟ್ಯಾಂಡಿನ ಮಾತಿನಿಂದ. ವರ್ಷ ವರ್ಷವೂ ತಪ್ಪದೆ ಬಂದು ಹಾಕಿಸಿಕೊಂಡಿದ್ದ ಒಬ್ಬ ಅಜ್ಜ ಸಬ್‌ಸೆಂಟರಿನ ಬಾಗಿಲಲ್ಲಿ ನಿಂತು ಕೇಳಿದರು: "ಹಂಗಾದ್ರೆ ನಾನು ಇಷ್ಟು ವರ್ಷ ತಗೊಂಡಿದ್ದು ಎಂತದು ಮಾರಾಯ್ತಿ?" ಅವರು ಸಿಟ್ಟಿನಲ್ಲಿ ಇರಲಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕಿತ್ತು ಅವರಿಗೆ. ಒಳಗೆ ಕೂರಿಸಿ, ಬೂಸ್ಟರ್ ಆದವರಿಗೆ ಎಷ್ಟು ರಕ್ಷಣೆ ಇತ್ತು, ಆಮೇಲೆ ಏನು ತೊಂದರೆ ಕಂಡಿತು ಅಂತ ಗೊತ್ತಿರುವಷ್ಟು ಹೇಳಿದೆ. ಕೇಳಿಕೊಂಡು ಹೋದರು. ಎಲ್ಲರೂ ಹೀಗೆ ಬಂದು ಕೇಳುವುದಿಲ್ಲ ಅಲ್ವಾ? ಕೇಳದೆ ಉಳಿದವರ ಮನಸ್ಸಿನಲ್ಲಿ ಆ ಪ್ರಶ್ನೆ ಇನ್ನೂ ಹಾಗೇ ಇದೆ. ಹೊಸ ಲಸಿಕೆ ಬರುತ್ತಿರುವುದು ಇಂಥ ಜನರ ಹತ್ತಿರ.

ಕೋವಿಡ್ ಕಾಲದ್ದನ್ನು ಈಗ ಹೇಳಬೇಕು. ಹೊಸ ಲಸಿಕೆಗೆ ಜನ ಹೇಗೆ ಹೆದರುತ್ತಾರೆ, ಹೇಗೆ ಮುಗಿಬೀಳುತ್ತಾರೆ ಎರಡನ್ನೂ ನಾನು ಒಂದೇ ವರ್ಷದಲ್ಲಿ ನೋಡಿದೆ.

2021ರ ಜನವರಿ 3ಕ್ಕೆ ಕೋವಿಶೀಲ್ಡ್, ಕೋವ್ಯಾಕ್ಸಿನ್ ಎರಡಕ್ಕೂ ತುರ್ತು ಬಳಕೆಯ ಅನುಮತಿ ಸಿಕ್ಕಿತು. ಜನವರಿ 16ಕ್ಕೆ ದೇಶದಲ್ಲೆಲ್ಲ ಶುರು. ಮೊದಲ ಸರದಿ ಆರೋಗ್ಯ ಸಿಬ್ಬಂದಿಯದು, ಸುಮಾರು ಒಂದು ಕೋಟಿ ಜನ. ಆಮೇಲೆ ಪೊಲೀಸರು, ಪೌರಕಾರ್ಮಿಕರು, ಕಂದಾಯ ಇಲಾಖೆಯವರು, ಎರಡು ಕೋಟಿ. ದೆಹಲಿಯ ಏಮ್ಸ್‌ನಲ್ಲಿ ಮೊದಲ ಸೂಜಿ ಬಿದ್ದಿದ್ದು ಒಬ್ಬ ಸ್ವಚ್ಛತಾ ಸಿಬ್ಬಂದಿಗೆ. ಟಿವಿಯಲ್ಲಿ ಅದನ್ನು ನೋಡಿ ಕೆಲವರು "ಪಾಪ, ಒಳ್ಳೇ ಕೆಲಸ, ಕಸ ತೆಗೆಯೋರಿಗೆ ಮೊದಲು ಕೊಟ್ರು" ಅಂದರು. ನಮ್ಮ ಆಶಾ ಕಾರ್ಯಕರ್ತೆ ಒಬ್ಬಳು ಮಾತ್ರ ತಣ್ಣಗೆ, "ಅಕ್ಕ, ಮೊದಲು ಬಡವರ ಮೇಲೆ ನೋಡ್ತಾರೆ" ಅಂದಳು.

ಅವಳ ಮಾತನ್ನು ತಪ್ಪು ತಿಳಿವಳಿಕೆ ಅಂತ ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ. ಯಾಕೆ ಅಂದರೆ ಅವತ್ತು ಕೋವ್ಯಾಕ್ಸಿನ್‌ನ ಮೂರನೇ ಹಂತದ ಪರೀಕ್ಷೆ ಇನ್ನೂ ಮುಗಿದಿರಲಿಲ್ಲ. 25,800 ಜನರ ಮೇಲೆ ನಡೆಯುತ್ತಿತ್ತು. ಅದು ಎಷ್ಟು ಕೆಲಸ ಮಾಡುತ್ತದೆ ಅನ್ನುವ ಅಂಕಿ ಯಾರ ಕೈಯಲ್ಲೂ ಇರಲಿಲ್ಲ. ಅದನ್ನು ತೆಗೆದುಕೊಳ್ಳುವವರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕಿತ್ತು, ಬೇರೆ ಲಸಿಕೆ ಕೊಡಿ ಅನ್ನುವ ಹಾಗಿರಲಿಲ್ಲ. ದೆಹಲಿಯ ರಾಮ್ ಮನೋಹರ್ ಲೋಹಿಯಾ ಆಸ್ಪತ್ರೆಯ ರೆಸಿಡೆಂಟ್ ಡಾಕ್ಟರುಗಳೇ ನಮಗೆ ಕೋವಿಶೀಲ್ಡ್ ಕೊಡಿ ಅಂತ ಪತ್ರ ಬರೆದಿದ್ದರು. ಡಾಕ್ಟರುಗಳು ಕೇಳಿದರೆ ಅದು ಪ್ರಶ್ನೆ, ಎಸ್ಸೆಸ್ಸೆಲ್ಸಿ ಓದಿದ ಆಶಾ ಕೇಳಿದರೆ ಅದು ಅಜ್ಞಾನ, ಅನ್ನುವುದು ಯಾವ ನ್ಯಾಯ?

ಅಂಕಿ ಬಂದಿದ್ದು ಮಾರ್ಚ್ 3ಕ್ಕೆ. 81% ಅಂತ. ಜುಲೈ ಹೊತ್ತಿಗೆ ಪೂರ್ತಿ ಲೆಕ್ಕ ಮುಗಿದು 77.8% ಆಯಿತು. ಒಳ್ಳೆಯ ಅಂಕಿಯೇ. ಆದರೆ ಮೊದಲು ಸಹಿ ಹಾಕಿದವರು ಇದು ಗೊತ್ತಿಲ್ಲದೆ ಹಾಕಿದರು. ಅವರ ಧೈರ್ಯವನ್ನು ಯಾರೂ ನೆನೆಸುವುದಿಲ್ಲ ಅನ್ನುವುದು ನನಗೆ ಈಗಲೂ ಬೇಜಾರು.

ನಮ್ಮ ತಂಡಕ್ಕೆ ಬಂದಿದ್ದು ಕೋವಿಶೀಲ್ಡ್. ತಾಲ್ಲೂಕು ಆಸ್ಪತ್ರೆಯಲ್ಲಿ ಮೂರು ಕೋಣೆ ಮಾಡಿದ್ದರು: ಕಾಯಲು ಒಂದು, ಹಾಕಲು ಒಂದು, ಹಾಕಿದ ಮೇಲೆ ಅರ್ಧ ಗಂಟೆ ಕೂರಲು ಒಂದು. ಮೂರನೇ ಕೋಣೆಯಲ್ಲಿ ಮೇಜಿನ ಮೇಲೆ, ಜೋರು ಅಲರ್ಜಿ ಆದರೆ ಕೊಡುವ ಅಡ್ರಿನಲಿನ್ ಇಟ್ಟ ಕಿಟ್. ಅವತ್ತಿನ ಪಟ್ಟಿಯಲ್ಲಿ ಇದ್ದವರಲ್ಲಿ ಅರ್ಧದಷ್ಟು ಜನವೂ ಬರಲಿಲ್ಲ. ಒಬ್ಬರಿಗೆ ಹಠಾತ್ ಮದುವೆ, ಇನ್ನೊಬ್ಬರಿಗೆ ಮಗುವಿಗೆ ಜ್ವರ. ಕಾರಣ ಎಲ್ಲರಿಗೂ ಗೊತ್ತು. ಬಳ್ಳಾರಿ ಜಿಲ್ಲೆಯಲ್ಲಿ ಲಸಿಕೆ ತೆಗೆದುಕೊಂಡ ಆರೋಗ್ಯ ಸಿಬ್ಬಂದಿಯೊಬ್ಬರು ತೀರಿಕೊಂಡ ಸುದ್ದಿ ಆ ವಾರ ಎಲ್ಲರ ಫೋನಿನಲ್ಲಿತ್ತು. ಹೃದಯಾಘಾತ, ಲಸಿಕೆಗೆ ಸಂಬಂಧ ಇಲ್ಲ ಅಂತ ಸರ್ಕಾರ ಹೇಳಿತು. ಆದರೆ ಸಾವಿನ ಸುದ್ದಿ ಓಡುವ ವೇಗಕ್ಕೆ ಆಮೇಲೆ ಬರುವ ವಿವರಣೆ ಯಾವತ್ತೂ ಸಮನಾಗುವುದಿಲ್ಲ.

ಒಂದು ವಯಲ್‌ನಲ್ಲಿ ಹತ್ತು ಡೋಸ್. ತೆರೆದ ಮೇಲೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು. ಹತ್ತು ಜನ ಸೇರದೆ ವಯಲ್ ಒಡೆಯಲು ಕೈ ಬರುವುದಿಲ್ಲ. ಒಳಗೆ ಕೂತ ನಾವು ಆರೇಳು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಫೋನ್ ಮಾಡಿ ಮಾಡಿ ಉಳಿದವರನ್ನು ಕರೆಸಿದೆವು. ನನ್ನ ಸರದಿ ಬಂದಾಗ ನಮ್ಮ ಆಶಾ ಬಾಗಿಲಲ್ಲೇ ನಿಂತು ನೋಡುತ್ತಿದ್ದಳು. ಅವತ್ತು ರಾತ್ರಿ ನನಗೆ ಜ್ವರ ಬಂತು, ಚಳಿ, ತೋಳು ನೋವು. ಬೆಳಿಗ್ಗೆ ಅವಳಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಏನೂ ಆಗಲಿಲ್ಲ ಅಂತ ಹೇಳಲಿಲ್ಲ. ಜ್ವರ ಬಂತು, ಪ್ಯಾರಾಸಿಟಮಾಲ್ ತಗೊಂಡೆ, ಮಧ್ಯಾಹ್ನಕ್ಕೆ ಇಳೀತು, ನಿನಗೂ ಹೀಗೇ ಆಗಬಹುದು, ಮಾರನೇ ದಿನ ಕೆಲಸ ಇಟ್ಕೋಬೇಡ ಅಂದೆ. ಅವಳು ಮುಂದಿನ ಸೆಷನ್‌ಗೆ ಬಂದು ಹಾಕಿಸಿಕೊಂಡಳು. ಬರುವಾಗ ಮಾತ್ರೆಯನ್ನೂ ಸೆರಗಿಗೆ ಕಟ್ಟಿಕೊಂಡು ಬಂದಿದ್ದಳು.

ಮಂತ್ರಿಗಳು ಯಾಕೆ ಮೊದಲು ಹಾಕಿಸಿಕೊಳ್ಳಲಿಲ್ಲ ಅಂತ ಆಗ ಎಲ್ಲರೂ ಕೇಳುತ್ತಿದ್ದರು. ಹಾಕಿಸಿಕೊಂಡಿದ್ದರೆ ಸರದಿ ಮುರಿದರು ಅನ್ನುತ್ತಿದ್ದೆವು. ಹಾಕಿಸಿಕೊಳ್ಳದಿದ್ದರೆ ನಮ್ಮ ಮೇಲೆ ಪ್ರಯೋಗ ಮಾಡುತ್ತಿದ್ದಾರೆ ಅಂತ ಅನುಮಾನ. ಎರಡೂ ಸಹಜವೇ. ಮಾರ್ಚ್ 1ಕ್ಕೆ ಪ್ರಧಾನಿ ಕೋವ್ಯಾಕ್ಸಿನ್ ತೆಗೆದುಕೊಂಡ ಫೋಟೊ ಬಂದ ಮೇಲೆ ನಮ್ಮಲ್ಲೂ ವಿಚಾರಿಸಲು ಬರುವವರು ಜಾಸ್ತಿಯಾದರು, ಅದನ್ನು ಕಣ್ಣಾರೆ ಕಂಡೆ.

ಇದು ಇವತ್ತಿನ ಮಾತೂ ಅಲ್ಲ. ಇನ್ನೂರು ವರ್ಷಗಳ ಹಿಂದೆ ಸಿಡುಬಿನ ಲಸಿಕೆ ಹೊಸದಾಗಿ ಬಂದಾಗ ಮೈಸೂರಿನ ಅರಮನೆಯ ಹೆಂಗಸರು ಮುಂದೆ ಬಂದಿದ್ದರು. ಥಾಮಸ್ ಹಿಕಿ ಎಂಬ ಚಿತ್ರಕಾರ 1805ರ ಹೊತ್ತಿಗೆ ಬರೆದ ಒಂದು ಚಿತ್ರವಿದೆ. ಅದರಲ್ಲಿ ಮೂವರು ಹೆಂಗಸರು. ಅವರು ಮೈಸೂರಿನ ರಾಣಿಯರು, ಅವರಲ್ಲಿ ಒಬ್ಬರು ಚಿಕ್ಕ ವಯಸ್ಸಿನ ದೇವಾಜಮ್ಮಣ್ಣಿ, ಸೆರಗು ಸರಿಸಿ ಲಸಿಕೆ ಹಾಕಿಸಿಕೊಂಡ ಜಾಗದ ಕಡೆ ಗಮನ ಸೆಳೆಯುತ್ತಿದ್ದಾರೆ ಅಂತ ಇತಿಹಾಸಕಾರರೊಬ್ಬರು ವಿವರಿಸಿದ್ದಾರೆ. ರಾಣಿಯೇ ಹಾಕಿಸಿಕೊಂಡ ಮೇಲೆ ಪ್ರಜೆಗಳಿಗೆ ಧೈರ್ಯ ಬರಲಿ ಅಂತ. ನನಗೆ ಈ ಕತೆ ಬಹಳ ಇಷ್ಟ. ಹೆದರಬೇಡಿ ಅಂತ ಡಂಗುರ ಹೊಡೆಸಿದ್ದರೆ ಯಾರು ಕೇಳುತ್ತಿದ್ದರು?

ಏಪ್ರಿಲ್ ಮೇ ಹೊತ್ತಿಗೆ ಎಲ್ಲ ತಲೆಕೆಳಗಾಯಿತು. ಎರಡನೇ ಅಲೆ. ಊರಿನಲ್ಲಿ ಒಂದಾದ ಮೇಲೊಂದು ಸಾವು. ಫೆಬ್ರವರಿಯಲ್ಲಿ ನಾನು ಮನೆ ಮನೆಗೆ ಹೋಗಿ ಕರೆದರೂ ಬಾಗಿಲು ಹಾಕಿಕೊಂಡವರು ಈಗ ಬೆಳಗಿನ ಜಾವಕ್ಕೇ ಪಿಎಚ್‌ಸಿ ಗೇಟಿನ ಮುಂದೆ. ಲಸಿಕೆ ಬರುತ್ತಿದ್ದುದು ಕೆಲವೇ ವಯಲ್. ಟೋಕನ್ ಕೊಟ್ಟೆವು. ಟೋಕನ್ ಸಿಗದವರು ಬೈದರು, ಅತ್ತರು. ಇನ್ನೊಂದು ಕಡೆ, ಆನ್‌ಲೈನಿನಲ್ಲಿ ಬುಕ್ ಮಾಡಿಕೊಂಡು ಶಿವಮೊಗ್ಗದಿಂದ ಕಾರಿನಲ್ಲಿ ಬಂದವರು. ಅವರ ತಪ್ಪೇನೂ ಇಲ್ಲ, ನಿಯಮದಲ್ಲಿ ಅದಕ್ಕೆ ಅವಕಾಶ ಇತ್ತು. ಆದರೆ ಗೇಟಿನ ಹೊರಗೆ ನಿಂತ ನಮ್ಮೂರ ಅಜ್ಜಿಗೆ ಫೋನೇ ಇಲ್ಲ. ಫೋನಿದ್ದವರಿಗೆ ನೆಟ್‌ವರ್ಕ್ ಇಲ್ಲ. ಆ ವರ್ಷ ನಮ್ಮ ಕಡೆ ಊರೂರಲ್ಲಿ "ನೋ ನೆಟ್‌ವರ್ಕ್, ನೋ ವೋಟಿಂಗ್" ಅಂತ ಬ್ಯಾನರ್ ಕಟ್ಟಿದ್ದು ಸುಮ್ನೆ ಅಲ್ಲ. ಗುಡ್ಡ ಹತ್ತಿ ಓಟಿಪಿ ಬರುವಷ್ಟರಲ್ಲಿ ಸ್ಲಾಟ್ ಖಾಲಿ.

ಆ ಅಜ್ಜಿಯ ವಿಷಯ ಹೇಳಲೇಬೇಕು. ಒಂದು ದಿನ ಕೊನೆಯ ವಯಲ್‌ನಲ್ಲಿ ಒಂದು ಡೋಸ್ ಉಳಿದಿತ್ತು. ಬುಕ್ ಮಾಡಿದ ಒಬ್ಬರು ಬಂದಿರಲಿಲ್ಲ. ನಾಲ್ಕು ಗಂಟೆ ಮುಗಿಯುತ್ತಾ ಬಂದಿತ್ತು. ನಮ್ಮ ಡಾಕ್ಟ್ರು ಹೊರಗೆ ಬಂದು ಅಜ್ಜಿಯನ್ನು ಕರೆದರು. ಅಜ್ಜಿ ಒಳಗೆ ಬಂದು ಕುರ್ಚಿಯಲ್ಲಿ ಕೂತು ತೋಳು ಕೊಡುವ ಮೊದಲು, "ಇದು ಹೊಸಾದಲ್ಲವನಾ, ನೀ ತಗಂಡಿದೀಯ?" ಅಂತ ಕೇಳಿದರು. ಬೆಳಿಗ್ಗೆ ಐದಕ್ಕೆ ಬಂದು ಕಾದವರು! ಲಸಿಕೆ ಬೇಕೇ ಬೇಕು ಅಂತ ಬಂದವರಿಗೂ ಹೆದರಿಕೆ ಹೋಗಿರಲಿಲ್ಲ. ಆಸೆ ಇರುವ ಕಡೆ ಹೆದರಿಕೆಯೂ ಇರುತ್ತದೆ ಅಂತ ನನಗೆ ಅವತ್ತು ಮನವರಿಕೆಯಾಯಿತು. ಹೌದಜ್ಜಿ, ಎರಡೂ ಆಗಿದೆ ಅಂದೆ. ಆಮೇಲೆ ತೋಳು ಕೊಟ್ಟರು.

ಮೇ ಮಧ್ಯದಲ್ಲಿ ರಾಜ್ಯ ಸರ್ಕಾರ 18ರಿಂದ 44ರವರೆಗಿನವರ ಲಸಿಕೆ ನಿಲ್ಲಿಸಿ ಎರಡನೇ ಡೋಸ್‌ನವರಿಗೆ ಮೊದಲು ಕೊಡಬೇಕಾಯಿತು. ಅದೇ ದಿನಗಳಲ್ಲಿ ಕೋವಿಶೀಲ್ಡ್‌ನ ಎರಡು ಡೋಸ್ ನಡುವಿನ ಅಂತರ 12ರಿಂದ 16 ವಾರ ಅಂತ ಬದಲಾಯಿತು. ಮೊದಲು 28 ದಿನ ಇತ್ತು, ಮಾರ್ಚ್‌ನಲ್ಲಿ ಆರರಿಂದ ಎಂಟು ವಾರ ಆಯಿತು, ಈಗ ಮತ್ತೆ ಇದು. ಅಂತರ ಹೆಚ್ಚಿದರೆ ರಕ್ಷಣೆಯೂ ಹೆಚ್ಚು ಅನ್ನುವುದಕ್ಕೆ ಆಧಾರ ಇತ್ತು. ಆದರೆ ಲಸಿಕೆ ಖಾಲಿಯಾದ ತಿಂಗಳಲ್ಲೇ ನಿಯಮ ಬದಲಾದರೆ ಜನ ಏನು ಅಂದುಕೊಳ್ಳುತ್ತಾರೆ? "ಸ್ಟಾಕ್ ಇಲ್ಲ ಅಂತ ಹೇಳೋಕೆ ಇದೊಂದು ನೆಪ" ಅಂತ ಮುಖಕ್ಕೇ ಹೇಳಿದರು. ಜೂನ್ 21ರ ನಂತರ ಕೇಂದ್ರವೇ ಕೊಂಡು ಎಲ್ಲರಿಗೂ ಉಚಿತವಾಗಿ ಕೊಡತೊಡಗಿದ ಮೇಲೆ ಸ್ವಲ್ಪ ಉಸಿರಾಡುವಂತಾಯಿತು.

ಲಸಿಕೆಯಿಂದ ತೊಂದರೆ ಆಗೇ ಇಲ್ಲವಾ? ಆಗಿದೆ. ಇದನ್ನು ಮುಚ್ಚಿಡಬಾರದು. ಕೋವಿಶೀಲ್ಡ್‌ನಿಂದ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟುವ ತೊಂದರೆ ಬರಬಹುದು ಅಂತ ಯುರೋಪಿನಲ್ಲಿ 2021ರ ಮಾರ್ಚ್‌ನಲ್ಲೇ ಗೊತ್ತಾಯಿತು. ನಮ್ಮಲ್ಲಿ ಇದನ್ನು ಪರಿಶೀಲಿಸುವ ರಾಷ್ಟ್ರೀಯ ಸಮಿತಿ ಮೇ ತಿಂಗಳಲ್ಲಿ ಹೇಳಿದ್ದು: ಗಂಭೀರ ಅಂತ ಬಂದ 498 ಪ್ರಕರಣ ನೋಡಿದಾಗ 26 ಅಂಥವು ಇರಬಹುದು, ಅಂದರೆ ಹತ್ತು ಲಕ್ಷ ಡೋಸ್‌ಗೆ 0.61. ಜೂನ್‌ನಲ್ಲಿ 68 ವರ್ಷದ ಒಬ್ಬರು ಲಸಿಕೆಯ ಅಲರ್ಜಿಯಿಂದಲೇ ತೀರಿಕೊಂಡರು ಅಂತ ಅದೇ ಸಮಿತಿ ಒಪ್ಪಿಕೊಂಡಿತು. ಅದೇ ವರದಿಯಲ್ಲಿ ಅಂಥದ್ದೇ ಅಲರ್ಜಿ ಆಗಿ ಬದುಕಿಕೊಂಡವರ ವಿವರವೂ ಇತ್ತು. ಅರ್ಧ ಗಂಟೆ ಕೂರಿ ಅಂತ ನಾವು ಯಾಕೆ ಹಟ ಮಾಡುತ್ತಿದ್ದೆವು ಅಂತ ಈಗ ಅರ್ಥ ಆಯ್ತಲ್ಲ? ಎಷ್ಟೋ ಜನ "ಬಸ್ ಹೋಗ್ತದೆ ಸಿಸ್ಟ್ರೇ" ಅಂತ ಎದ್ದು ಹೊರಡುತ್ತಿದ್ದರು. ಆ ಒಬ್ಬರು ತೀರಿಕೊಂಡ ಸುದ್ದಿಯನ್ನೇ ಹೇಳಿ ನಾನು ಅವರನ್ನು ಕೂರಿಸುತ್ತಿದ್ದೆ. ಸಾವಿನ ಸುದ್ದಿ ಕೇಳಿ ಯಾರೂ ಲಸಿಕೆ ಬೇಡ ಅಂತ ಓಡಲಿಲ್ಲ. ಸಿಸ್ಟರ್ ನಿಜ ಹೇಳುತ್ತಾರೆ ಅಂತ ಕೂತರು.

ಇದರ ನೆರಳು ಇನ್ನೂ ಹೋಗಿಲ್ಲ. 2025ರ ಜೂನ್ ಜುಲೈನಲ್ಲಿ ಹಾಸನ ಜಿಲ್ಲೆಯಲ್ಲಿ ಹೃದಯಾಘಾತದ ಸಾವುಗಳು ದಿನಾ ಸುದ್ದಿಯಾದವಲ್ಲ, ಆಗ ನನ್ನ ಫೋನ್‌ಗೆ ಬಿಡುವೇ ಇರಲಿಲ್ಲ. "ಅವತ್ತು ನೀವು ಹಾಕಿದ್ದರಿಂದ ಈಗ ಏನಾದ್ರೂ ಆಗ್ತದಾ?" ಗಂಡುಮಕ್ಕಳೇ ಜಾಸ್ತಿ, ಮೂವತ್ತು ನಲವತ್ತರ ಆಸುಪಾಸಿನವರು. ಅವಸರದಲ್ಲಿ ಅನುಮತಿ ಕೊಟ್ಟ ಲಸಿಕೆಯೂ ಕಾರಣ ಇರಬಹುದು ಅಂತ ಮುಖ್ಯಮಂತ್ರಿಯವರೇ ಆಗ ಬರೆದಿದ್ದರು. ಜಯದೇವ ಆಸ್ಪತ್ರೆಯ ನಿರ್ದೇಶಕರ ಅಧ್ಯಕ್ಷತೆಯ ತಜ್ಞರ ಸಮಿತಿ ನೋಡಿ, ಲಸಿಕೆಗೂ ಈ ಸಾವುಗಳಿಗೂ ನಂಟು ಕಾಣಲಿಲ್ಲ ಅಂತ ವರದಿ ಕೊಟ್ಟಿತು. ಅದಕ್ಕೂ ಮೊದಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 19 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ 47 ಆಸ್ಪತ್ರೆಗಳಲ್ಲಿ, ಚೆನ್ನಾಗಿದ್ದು ಇದ್ದಕ್ಕಿದ್ದಂತೆ ತೀರಿಕೊಂಡ 18ರಿಂದ 45 ವಯಸ್ಸಿನವರನ್ನು ಕುರಿತು ಅಧ್ಯಯನ ಮಾಡಿತ್ತು. ಲಸಿಕೆಯಿಂದ ಅಪಾಯ ಹೆಚ್ಚಿರಲಿಲ್ಲ. ಕೋವಿಡ್ ಬಂದು ಆಸ್ಪತ್ರೆ ಸೇರಿದ್ದವರಿಗೆ, ಮನೆತನದಲ್ಲಿ ಇಂಥ ಸಾವು ಇದ್ದವರಿಗೆ, ಸಾವಿಗೆ ಮುಂಚೆ ವಿಪರೀತ ಕುಡಿದಿದ್ದವರಿಗೆ ಅಪಾಯ ಹೆಚ್ಚಿತ್ತು. ಫೋನ್ ಮಾಡಿದವರಿಗೆಲ್ಲ ಇಷ್ಟನ್ನು ಹೇಳಿ, ಬಿಪಿ ಶುಗರ್ ಚೆಕ್ ಮಾಡಿಸಿಕೊಳ್ಳಿ, ಎದೆನೋವು ಬಂದರೆ ಗ್ಯಾಸ್ ಅಂತ ಕೂರಬೇಡಿ ಅಂದೆ. ಹೇಳಿದ್ದನ್ನು ಕೇಳಿಸಿಕೊಂಡರು. ಕೇಳಿಸಿಕೊಳ್ಳಲಿಕ್ಕೆ ಕಾರಣ, 2021ರಲ್ಲಿ ಜ್ವರ ಬರುತ್ತೆ ಅಂತ ಮೊದಲೇ ಹೇಳಿದ್ದೆ, ಬಂದಿತ್ತು.

ಈಗ ಮಂಗನ ಕಾಯಿಲೆಯ ಹೊಸ ಲಸಿಕೆಗೆ ಬರೋಣ. ಐಸಿಎಂಆರ್ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಸೇರಿ ಮಾಡುತ್ತಿವೆ. ಇದೂ ಸತ್ತ ವೈರಸ್‌ನದೇ ಲಸಿಕೆ, ಎರಡು ಡೋಸ್. ಪ್ರಾಣಿಗಳ ಮೇಲಿನ ಪರೀಕ್ಷೆ ಮುಗಿದು ಮನುಷ್ಯರ ಮೇಲಿನ ಮೊದಲ ಹಂತಕ್ಕೆ ಬಂದಿದೆ. ಮೊದಲ ಹಂತ ಅಂದರೆ ಆರೋಗ್ಯವಾಗಿರುವ ಕೆಲವೇ ಜನ, ತಾವಾಗಿ ಒಪ್ಪಿ ಬಂದವರು, ತೊಂದರೆ ಏನಾದರೂ ಆಗುತ್ತದಾ ಅಂತ ನೋಡುವುದು. ಕಾಯಿಲೆ ತಡೆಯುತ್ತದಾ ಅನ್ನುವುದು ಆಮೇಲಿನ ಮಾತು. ಹಾಗಾಗಿ ನನ್ನನ್ನು ಕೇಳುವವರಿಗೆ ಈಗ ನಾನು ಹೇಳುವುದು ಇಷ್ಟೇ: ಇದು ಇನ್ನೂ ನನ್ನ ವ್ಯಾಕ್ಸಿನ್ ಕ್ಯಾರಿಯರ್‌ಗೆ ಬಂದಿಲ್ಲ. ಬರಬೇಕಾದರೆ ಎಲ್ಲ ಹಂತ ದಾಟಿ ಬರಲಿ. ಅವಸರ ನನಗೂ ಇದೆ. 2024ರ ಹಂಗಾಮಿನಲ್ಲೂ ನಮ್ಮ ಜಿಲ್ಲೆಗಳಲ್ಲಿ ಈ ಕಾಯಿಲೆಯಿಂದ ಸಾವಾಗಿದೆ, ಕೈಯಲ್ಲಿ ಲಸಿಕೆ ಇಲ್ಲ, ಬರೀ ಮೈಗೆ ಹಚ್ಚುವ ಎಣ್ಣೆ ಹಂಚಿಕೊಂಡು ತಿರುಗುತ್ತೇವೆ. ಆದರೂ ಒಂದು ಹಂತ ಹಾರಿ ಬಂದ ಲಸಿಕೆಯನ್ನು ಮೊದಲೇ ಒಮ್ಮೆ ನೊಂದ ಜನರ ಮುಂದೆ ಹಿಡಿಯುವುದು ಬೇಡ.

ಬಂದ ದಿನ ಮೊದಲು ಯಾರಿಗೆ? ನನ್ನನ್ನು ಕೇಳಿದರೆ ಮೊದಲು ನಮಗೆ ಹಾಕಲಿ. ಕಾಡಂಚಿನ ಸಬ್‌ಸೆಂಟರಿನ ಸಿಬ್ಬಂದಿ, ಆಶಾಗಳು, ನಮ್ಮ ಪಿಎಚ್‌ಸಿ ಡಾಕ್ಟ್ರು, ಊರಿನ ಎದುರಿಗೇ. ಸತ್ತ ಮಂಗ ನೋಡಲು ಹೋಗುವವರು ನಾವೇ ಆದ್ದರಿಂದ ನಮಗೆ ಅಪಾಯವೂ ಇದೆ. ಆಮೇಲೆ ಅರಣ್ಯದ ವಾಚರ್‌ಗಳು. ಅದರ ಹಿಂದೆಯೇ ದರಗಿಗೆ, ಸೌದೆಗೆ, ದನಕ್ಕೆ ಕಾಡಿಗೆ ಹೋಗುವ ಮನೆಗಳು, ಮತ್ತೆ ಕೂಲಿಗೆ ಬಂದು ತೋಟದ ಲೈನ್ ಮನೆಯಲ್ಲಿ ಇರುವವರು. ಈ ಕೊನೆಯವರ ಹೆಸರು ಊರಿನ ಯಾವ ಪಟ್ಟಿಯಲ್ಲೂ ಇರುವುದಿಲ್ಲ, ಹಳೆ ಲಸಿಕೆಯೂ ಅವರಿಗೆ ಸರಿಯಾಗಿ ಸಿಕ್ಕಿರಲಿಲ್ಲ. ಪಟ್ಟಿಯನ್ನು ಆಶಾಗಳು ಬರೆಯಲಿ. ಯಾವ ಮನೆಯವರು ಯಾವ ಬೆಟ್ಟಕ್ಕೆ ಹೋಗುತ್ತಾರೆ ಅನ್ನುವುದು ಯಾವ ಆ್ಯಪ್‌ಗೂ ಗೊತ್ತಿಲ್ಲ, ಅವರಿಗೆ ಗೊತ್ತು.

ಇನ್ನೊಂದು ಕೋರಿಕೆ, ಇಲಾಖೆಯಲ್ಲಿ ಇದನ್ನು ಓದುವವರಿದ್ದರೆ. ಕರಪತ್ರದಲ್ಲಿ ನೋವು ಎಷ್ಟಾಗುತ್ತದೆ, ಎಷ್ಟು ದಿನ ಇರುತ್ತದೆ, ಒಂದೇ ಡೋಸ್ ತೆಗೆದುಕೊಂಡು ಬಿಟ್ಟರೆ ಏನು, ಹಳೆ ಲಸಿಕೆ ಯಾಕೆ ನಿಂತಿತು, ಇವಿಷ್ಟೂ ಕನ್ನಡದಲ್ಲಿ ಬರೆಯಿರಿ. ಏನಾದರೂ ಆದರೆ ಯಾರಿಗೆ ಫೋನ್ ಮಾಡಬೇಕು ಅಂತ ಒಂದು ನಂಬರ್ ಕೊಡಿ, ಆ ಫೋನ್ ಎತ್ತುವವರು ಇರಲಿ. ಲಸಿಕೆ ಹಾಕಿಸಿಕೊಂಡ ಕೂಲಿಯವರಿಗೆ ಎರಡು ದಿನದ ಕೂಲಿ ಕೊಡುವ ದಾರಿ ಇದೆಯಾ ನೋಡಿ. ಮತ್ತೆ ಡಿಸೆಂಬರಿನಲ್ಲಿ ಕಾಯಿಲೆ ಕಾಣಿಸಿದ ಮೇಲೆ ಓಡಿ ಬರಬೇಡಿ. ಎರಡು ಡೋಸ್ ಆಗಿ ಮೈಗೆ ಶಕ್ತಿ ಬರಲು ಸಮಯ ಬೇಕು. ಆಗಸ್ಟ್ ಸೆಪ್ಟೆಂಬರಿನಲ್ಲೇ, ಮಳೆ ಇರುವಾಗಲೇ ಶುರು ಮಾಡಿ. ಆಗ ಕೊಯ್ಲೂ ಇರುವುದಿಲ್ಲ, ಜನ ಮನೆಯಲ್ಲೇ ಸಿಗುತ್ತಾರೆ, ಕೂತು ಮಾತಾಡಲು ಅವರಿಗೂ ಪುರುಸೊತ್ತು, ನಮಗೂ ಪುರುಸೊತ್ತು.